ದೊಡ್ಡ ಸೆಡಾನ್: ಅಮೆರಿಕದ ಜನಸಾಮಾನ್ಯರ ಕಾರು

ದೊಡ್ಡ ಸೆಡಾನ್ ಎಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಧ್ಯಮ ವರ್ಗದ ಕೈಗೆಟುಕುವ ಬೆಲೆಗೆ ದಶಕಗಳ ಕಾಲ ಸಿಗುತ್ತಿದ್ದ, ಐದಾರು ಮಂದಿ ಆರಾಮವಾಗಿ ಕೂರಬಹುದಾದ ನಾಲ್ಕು ಬಾಗಿಲಿನ ಕಾರು. ಅಲ್ಲಿನ ಸರ್ಕಾರಿ ವರ್ಗೀಕರಣದಂತೆ ಪ್ರಯಾಣಿಕರ ಜಾಗ ಮತ್ತು ಡಿಕ್ಕಿಯ ಜಾಗ ಸೇರಿ 120 ಘನ ಅಡಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೆಡಾನನ್ನು ದೊಡ್ಡದೆಂದು ಪರಿಗಣಿಸಲಾಗುತ್ತದೆ. ಶೆವ್ರೊಲೆ ಇಂಪಾಲ ಮತ್ತು ಕಪ್ರೀಸ್, ಫೋರ್ಡ್ ಎಲ್‌ಟಿಡಿ ಮತ್ತು ಕ್ರೌನ್ ವಿಕ್ಟೋರಿಯಾ, ಬ್ಯೂಕ್ ಲಸೇಬರ್, ಟೊಯೊಟಾ ಅವಲಾನ್ ಈ ವರ್ಗದ ಹೆಸರಾಂತ ಕಾರುಗಳು. 1960ರ ದಶಕದಲ್ಲಿ ಉತ್ತುಂಗದಲ್ಲಿದ್ದ ಈ ವರ್ಗ 2020ರ ದಶಕದ ಆರಂಭಕ್ಕೆ ಬಹುತೇಕ ಕಣ್ಮರೆಯಾಯಿತು.

ಏಳಿಗೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕುಟುಂಬಗಳು ನಗರ ಬಿಟ್ಟು ಹೊರವಲಯದ ಬಡಾವಣೆಗಳಿಗೆ ಹೋಗಿ ನೆಲೆಸಿದವು. 1956ರ ಹೆದ್ದಾರಿ ಕಾಯ್ದೆ ಸುಮಾರು 66,000 ಕಿ.ಮೀ. ಅಂತರರಾಜ್ಯ ರಸ್ತೆಗಳ ನಿರ್ಮಾಣಕ್ಕೆ ದಾರಿ ಮಾಡಿತು. ಪೆಟ್ರೋಲ್ ಅಗ್ಗವಾಗಿತ್ತು, ಊರುಗಳ ನಡುವಿನ ದೂರ ಹೆಚ್ಚಿತ್ತು, ಮನೆ ತುಂಬ ಮಕ್ಕಳಿದ್ದರು. ಇಂಥ ಬದುಕಿಗೆ ಉದ್ದವಾದ ಚಾಸಿ, ಮೆತ್ತನೆಯ ಸ್ಪ್ರಿಂಗು, ಎಂಟು ಸಿಲಿಂಡರಿನ ಎಂಜಿನ್ ಇರುವ ಕಾರು ಹೇಳಿ ಮಾಡಿಸಿದಂತಿತ್ತು.

ಇಂಪಾಲ ಹೆಸರು 1958ರ ಮಾದರಿಯೊಂದಿಗೆ ಬಂತು. 1965ರ ಇಂಪಾಲ 10 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗಿ ದಾಖಲೆ ನಿರ್ಮಿಸಿತು. ಅದೇ ವರ್ಷ ಫೋರ್ಡ್ ತನ್ನ ದೊಡ್ಡ ಕಾರು ರೋಲ್ಸ್ ರಾಯ್ಸ್‌ಗಿಂತ ನಿಶ್ಶಬ್ದವಾಗಿ ಓಡುತ್ತದೆ ಎಂದು ಜಾಹೀರಾತು ಕೊಟ್ಟಿತು. ಅದರ ಎಲ್‌ಟಿಡಿ ಮತ್ತು ಶೆವ್ರೊಲೆಯ ಕಪ್ರೀಸ್ ಎರಡೂ ಸಿರಿವಂತರ ಕಾರಿನ ಸೌಖ್ಯವನ್ನು ಸಾಮಾನ್ಯರ ಬೆಲೆಗೆ ಒದಗಿಸಿದವು. ಈ ವರ್ಗದ ನಿಜವಾದ ಸಾಧನೆ ಇದೇ. ಕಾರ್ಖಾನೆಯ ಕೆಲಸಗಾರ, ಶಾಲೆಯ ಮೇಷ್ಟ್ರು, ಅಂಗಡಿಯವರು ಎಲ್ಲರೂ ಕೈಕಾಲು ಚಾಚಿ ಪ್ರಯಾಣ ಮಾಡುವಂತಾಯಿತು.

ತೈಲ ಬಿಕ್ಕಟ್ಟು ಮತ್ತು ಹೊಸ ರೂಪ

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದವು. ಬಂಕುಗಳ ಮುಂದೆ ವಾಹನಗಳ ಸಾಲು ಬೆಳೆಯಿತು. 1975ರಲ್ಲಿ ಅಮೆರಿಕದ ಸಂಸತ್ತು ಪ್ರತಿ ಕಂಪನಿಯ ಕಾರುಗಳಿಗೆ ಸರಾಸರಿ ಮೈಲೇಜಿನ ಮಿತಿ ಗೊತ್ತುಪಡಿಸುವ ಕಾಯ್ದೆ ತಂದಿತು. 1978ರ ಮಾದರಿಗಳಿಗೆ ಗ್ಯಾಲನ್ನಿಗೆ 18 ಮೈಲಿ, 1985ರ ಹೊತ್ತಿಗೆ 27.5 ಮೈಲಿ ಅಂದರೆ ಲೀಟರಿಗೆ ಸುಮಾರು 11.7 ಕಿ.ಮೀ. ಗುರಿಯನ್ನು ಇಡಲಾಯಿತು.

ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ 1977ರಲ್ಲಿ ಕಪ್ರೀಸ್ ಮತ್ತು ಇಂಪಾಲಗಳ ತೂಕವನ್ನು ಸುಮಾರು 300 ಕೆ.ಜಿ. ಇಳಿಸಿತು, ಉದ್ದವನ್ನೂ ಕಡಿಮೆ ಮಾಡಿತು. ಹೊರಗಿನಿಂದ ಕಿರಿದಾದರೂ ಒಳಗಿನ ಜಾಗ ಕುಗ್ಗಲಿಲ್ಲ. ಆ ವರ್ಷದ ಕಪ್ರೀಸ್‌ಗೆ ಮೋಟರ್ ಟ್ರೆಂಡ್ ಪತ್ರಿಕೆಯ ವರ್ಷದ ಕಾರು ಪ್ರಶಸ್ತಿ ಸಂದಿತು. 1979ರಲ್ಲಿ ಫೋರ್ಡ್ ತಂದ ಪ್ಯಾಂಥರ್ ಚಾಸಿ 2011ರವರೆಗೆ ಬಾಳಿತು. ದೊಡ್ಡ ಕಾರು ಕಾಲಕ್ಕೆ ತಕ್ಕಂತೆ ಬದಲಾಗಬಲ್ಲದು ಎಂಬುದಕ್ಕೆ ಇವೆರಡೂ ಸಾಕ್ಷಿ.

ಮುಂದೆ ಈ ಕಾರುಗಳಿಗೆ ಪೊಲೀಸ್ ಇಲಾಖೆಗಳು ಮತ್ತು ಟ್ಯಾಕ್ಸಿ ಕಂಪನಿಗಳು ದೊಡ್ಡ ಗಿರಾಕಿಗಳಾದವು. ಚಾಸಿಯ ಮೇಲೆ ಬಾಡಿ ಕೂರಿಸುವ ಹಳೆಯ ವಿಧಾನದಿಂದಾಗಿ ಪೆಟ್ಟು ಬಿದ್ದರೂ ರಿಪೇರಿ ಸುಲಭವಾಗಿತ್ತು. ನ್ಯೂಯಾರ್ಕಿನ ಹಳದಿ ಕ್ರೌನ್ ವಿಕ್ಟೋರಿಯಾಗಳು ಲಕ್ಷಾಂತರ ಕಿ.ಮೀ. ಓಡಿದವು. ಪೊಲೀಸರು ಹರಾಜು ಹಾಕಿದ ಕಾರನ್ನು ಕಡಿಮೆ ದುಡ್ಡಿಗೆ ಕೊಂಡು ವರ್ಷಗಟ್ಟಲೆ ಓಡಿಸಿದವರೂ ಬಹಳ.

ಅವನತಿಯ ಕಾರಣಗಳು

ಮೈಲೇಜ್ ಕಾಯ್ದೆ ಸರಕು ಸಾಗಿಸುವ ಲಘು ಟ್ರಕ್ಕುಗಳಿಗೆ ಸಡಿಲ ಮಿತಿ ಇಟ್ಟಿತ್ತು. 1996ರಲ್ಲಿ ಕಾರುಗಳಿಗೆ 27.5 ಮೈಲಿಯ ಗುರಿಯಿದ್ದರೆ ಲಘು ಟ್ರಕ್ಕುಗಳಿಗೆ 20.7 ಮೈಲಿ ಸಾಕಿತ್ತು. ಎಸ್‌ಯುವಿಗಳು ಕುಟುಂಬದ ವಾಹನವಾಗಿ ಬಳಕೆಯಾದರೂ ಕಾಯ್ದೆಯ ಕಣ್ಣಿಗೆ ಲಘು ಟ್ರಕ್ಕುಗಳೇ. ಹೀಗಾಗಿ ತೂಕದ, ದೊಡ್ಡ ಎಂಜಿನ್ನಿನ ವಾಹನವನ್ನು ಟ್ರಕ್ ಚಾಸಿಯ ಮೇಲೆ ಕಟ್ಟುವುದು ಕಂಪನಿಗಳಿಗೆ ಸಲೀಸಾಯಿತು. ಹೊರದೇಶಗಳಿಂದ ಬರುವ ಲಘು ಟ್ರಕ್ಕುಗಳ ಮೇಲೆ 1964ರಿಂದ ಇರುವ ಶೇ. 25ರ ಸುಂಕವೂ ಸ್ವದೇಶಿ ಪಿಕಪ್ಪುಗಳ ಲಾಭವನ್ನು ಕಾಯ್ದಿತು.

ಗಿರಾಕಿಗಳ ಮನಸ್ಸೂ ಬದಲಾಯಿತು. 1984ರ ಮಾದರಿಯಾಗಿ ಬಂದ ಕ್ರೈಸ್ಲರ್ ಮಿನಿವ್ಯಾನ್ ಮಕ್ಕಳಿರುವ ಮನೆಗಳನ್ನು ಸೆಳೆಯಿತು. 1991ರ ಮಾದರಿಯಾಗಿ ಬಂದ ಫೋರ್ಡ್ ಎಕ್ಸ್‌ಪ್ಲೋರರ್ ಎಸ್‌ಯುವಿಯನ್ನು ಮನೆಮಾತಾಗಿಸಿತು. ಎತ್ತರದ ಸೀಟಿನಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ಹತ್ತಿ ಇಳಿಯುವಾಗ ಬಗ್ಗಬೇಕಿಲ್ಲ ಎಂಬುದು ವಯಸ್ಸಾದವರನ್ನೂ ಒಲಿಸಿತು. 1996ರ ಡಿಸೆಂಬರಿನಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್ ಕಾರ್ಖಾನೆ ಕಪ್ರೀಸ್ ತಯಾರಿಕೆ ನಿಲ್ಲಿಸಿ ಟ್ರಕ್ ಮತ್ತು ಎಸ್‌ಯುವಿಗಳತ್ತ ತಿರುಗಿತು.

ಕೊನೆಯ ವರ್ಷಗಳು

ಲಸೇಬರ್ 2005ರಲ್ಲಿ ನಿಂತಿತು. 2011ರ ಸೆಪ್ಟೆಂಬರ್ 15ರಂದು ಕೆನಡಾದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ ಹೊರಬಂತು, ಕಾರ್ಖಾನೆಗೂ ಬೀಗ ಬಿತ್ತು. ವಿಪರ್ಯಾಸವೆಂದರೆ, ಈ ವರ್ಗದ ಗುಣಮಟ್ಟ ಕೊನೆಕೊನೆಗೆ ಏರುತ್ತಲೇ ಇತ್ತು. ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ 2014ರ ಇಂಪಾಲಕ್ಕೆ ನೂರಕ್ಕೆ 95 ಅಂಕ ಕೊಟ್ಟು ಸೆಡಾನುಗಳಲ್ಲಿ ಮೊದಲ ಸ್ಥಾನದಲ್ಲಿಟ್ಟಿತು. ಆದರೂ ಮಾರಾಟ ಚೇತರಿಸಿಕೊಳ್ಳಲಿಲ್ಲ. ಉತ್ತರ ಅಮೆರಿಕದಲ್ಲಿ ಸೆಡಾನುಗಳನ್ನು ಕೈಬಿಡುವುದಾಗಿ ಫೋರ್ಡ್ 2018ರ ಏಪ್ರಿಲಿನಲ್ಲಿ ಪ್ರಕಟಿಸಿತು. ಫೋರ್ಡ್‌ನ ಟಾರಸ್ 2019ರಲ್ಲಿ, ಇಂಪಾಲ 2020ರ ಫೆಬ್ರವರಿಯಲ್ಲಿ, ಅವಲಾನ್ 2022ರಲ್ಲಿ, ಕ್ರೈಸ್ಲರ್ 300 ಕಾರು 2023ರಲ್ಲಿ ನಿಂತವು.

ಮಾಲೀಕರ ನೆನಪುಗಳು

ಈ ಕಾರುಗಳನ್ನು ಇಟ್ಟುಕೊಂಡಿದ್ದವರ ನೆನಪಿನಲ್ಲಿ ವೇಗಕ್ಕಿಂತ ಜಾಗಕ್ಕೇ ಹೆಚ್ಚು ಮಹತ್ವ. ಮುಂದಿನ ಉದ್ದನೆಯ ಬೆಂಚ್ ಸೀಟಿನಲ್ಲಿ ಅಪ್ಪ ಅಮ್ಮನ ನಡುವೆ ಕೂತ ಮಗು, ಸ್ಟೀರಿಂಗಿನ ಪಕ್ಕದ ಗೇರ್ ಕಡ್ಡಿ, ಇಡೀ ಮನೆಯ ರಜೆಯ ಸಾಮಾನು ನುಂಗುತ್ತಿದ್ದ ಡಿಕ್ಕಿ, ರಾತ್ರಿ ಪ್ರಯಾಣದಲ್ಲಿ ಹಿಂದಿನ ಸೀಟಿನುದ್ದಕ್ಕೂ ಮಲಗಿದ ಮಕ್ಕಳು ಅವರ ಮಾತಿನಲ್ಲಿ ಮತ್ತೆಮತ್ತೆ ಬರುತ್ತವೆ. ಅಜ್ಜನ ಲಸೇಬರ್ ಕಾಲೇಜಿಗೆ ಹೊರಟ ಮೊಮ್ಮಗಳ ಪಾಲಿಗೆ ಬಂದದ್ದೂ ಹಲವು ಮನೆಗಳ ಕಥೆ. ಮುಂಭಾಗದ ಬೆಂಚ್ ಸೀಟು ಇದ್ದ ಕೊನೆಯ ಅಮೆರಿಕನ್ ಕಾರು 2013ರ ಇಂಪಾಲ.

ಲಾಸ್ ಏಂಜಲೀಸ್‌ನ ಮೆಕ್ಸಿಕನ್ ಮೂಲದ ಸಮುದಾಯ ಹಳೆಯ ಇಂಪಾಲವನ್ನು ಕಲಾಕೃತಿಯ ಮಟ್ಟಕ್ಕೆ ಏರಿಸಿತು. ನೆಲಕ್ಕೆ ತಗ್ಗಿಸಿ, ಹೂವಿನ ಚಿತ್ತಾರ ಬರೆದ 1964ರ ಇಂಪಾಲ ‘ಜಿಪ್ಸಿ ರೋಸ್’ 2017ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು. ನೆನಪಿನ ಸಿಹಿಯಲ್ಲಿ ಕಹಿಯನ್ನು ಮರೆಯುವಂತಿಲ್ಲ. ಹಳೆಯ ಮಾದರಿಗಳು ಪೆಟ್ರೋಲ್ ಕುಡಿಯುತ್ತಿದ್ದವು, ಮತ್ತು 1968ಕ್ಕೆ ಮೊದಲು ಒಕ್ಕೂಟದ ಕಾನೂನಿನಲ್ಲಿ ಸೀಟ್ ಬೆಲ್ಟ್ ಕಡ್ಡಾಯವಿರಲಿಲ್ಲ.

ಭಾರತದ ನಂಟು

ಹಿಂದೂಸ್ತಾನ್ ಮೋಟರ್ಸ್ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾ, ಜನರಲ್ ಮೋಟರ್ಸ್‌ನ ಬ್ರಿಟಿಷ್ ಅಂಗಸಂಸ್ಥೆ ವಾಕ್ಸ್‌ಹಾಲ್‌ನ ವಿನ್ಯಾಸವನ್ನು ಆಧರಿಸಿತ್ತು. ಬೆಂಚ್ ಸೀಟು ಮತ್ತು ಹ್ಯಾಂಡ್ ಗೇರಿನ ಅನುಭವ ಕನ್ನಡಿಗರಿಗೆ ದಕ್ಕಿದ್ದು 2014ರಲ್ಲಿ ನಿಂತುಹೋದ ಅಂಬಾಸಿಡರ್‌ನಿಂದ. 2006ರ ಕೇಂದ್ರ ಬಜೆಟ್ ನಾಲ್ಕು ಮೀಟರಿನೊಳಗಿನ ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದ ಮೇಲೆ ಭಾರತದ ಸೆಡಾನೂ ಮೊಟಕಾಯಿತು. ಕಾರಿನ ಆಕಾರವನ್ನು ಕಾನೂನು ತಿದ್ದುತ್ತದೆ ಎಂಬ ಮಾತು ಎರಡೂ ದೇಶಗಳಿಗೆ ಅನ್ವಯಿಸುತ್ತದೆ.

ಮಹತ್ವ

ದೊಡ್ಡ ಸೆಡಾನ್ ಮರೆಯಾದದ್ದು ಕಾರಿನ ದೋಷದಿಂದಲ್ಲ. ಕಾನೂನು, ಲಾಭ ಮತ್ತು ಅಭಿರುಚಿ ಒಂದೇ ದಿಕ್ಕಿಗೆ ವಾಲಿದವು. ಅದು ಕೊಡುತ್ತಿದ್ದ ಜಾಗ ಇಂದು ದೊಡ್ಡ ಎಸ್‌ಯುವಿಗಳಲ್ಲಿ ಸಿಗುತ್ತದೆ, ಆದರೆ ಸಾಮಾನ್ಯ ಕುಟುಂಬಕ್ಕೆ ಅದರ ಬೆಲೆ ಭಾರ. 2024ರ ನವೆಂಬರಿನಲ್ಲಿ ಮಧ್ಯಮ ಗಾತ್ರದ ಮಾಲಿಬು ತಯಾರಿಕೆಯೂ ನಿಂತ ಮೇಲೆ, ಒಂದು ಕಾಲಕ್ಕೆ ವರ್ಷಕ್ಕೆ ಹತ್ತು ಲಕ್ಷ ಇಂಪಾಲ ಮಾರಿದ್ದ ಶೆವ್ರೊಲೆ ಅಮೆರಿಕದಲ್ಲಿ ಒಂದು ಸೆಡಾನನ್ನೂ ತಯಾರಿಸುತ್ತಿಲ್ಲ.