ಬಾಣಲೆಯ ಹಬ್ಬ, ಭಟ್ಟಿಯ ಕೇಕು

ಬೆಂಗಳೂರಿನ ಉತ್ತರಕ್ಕಿರುವ ಚಿಕ್ಕಬಾಣಾವರದಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿನದು, 1884ರಷ್ಟು ಹಳೆಯದು. ಇನ್ನೊಂದು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳ ಹಾದು ಹಾಸನ ಮುಟ್ಟುತ್ತದೆ. ಅಲ್ಲಿಂದ ಮುಂದೆ ಸಕಲೇಶಪುರದ ಘಟ್ಟ ಇಳಿದರೆ ಮಂಗಳೂರು. ಈ ಎರಡನೆಯ ದಾರಿ ಪೂರ್ತಿ ತೆರೆದದ್ದು 2017ರ ಮಾರ್ಚ್‌ನಲ್ಲಿ. ಅಂದಿನಿಂದ ಕರಾವಳಿಯ ಕೆಲವು ರೈಲುಗಳು ಮೈಸೂರು, ಅರಸೀಕೆರೆಗಳ ಸುತ್ತು ಬಿಟ್ಟು ಚಿಕ್ಕಬಾಣಾವರದ ಮೇಲೆಯೇ ಯಶವಂತಪುರಕ್ಕೆ ಬರುತ್ತವೆ. ಡಿಸೆಂಬರ್ ತಿಂಗಳಲ್ಲಿ ಆ ರೈಲುಗಳ ಸೀಟಿನಡಿ ಬಟ್ಟೆಯ ಬ್ಯಾಗುಗಳ ನಡುವೆ ಮುಚ್ಚಳ ಬಿಗಿದ ಡಬ್ಬಗಳೂ ಇರುತ್ತವೆ. ಒಳಗಿರುವುದು ಕುಸ್ವಾರ್. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್ಮಸ್‌ಗೆಂದು ಮಾಡುವ ತಿಂಡಿಗಳಿಗೆಲ್ಲ ಸೇರಿಸಿ ಇರುವ ಹೆಸರು ಅದು.

ಬೆಂಗಳೂರಿನ ಈ ಉತ್ತರ ಮಗ್ಗುಲಿಗೆ ಕುಸ್ವಾರ್ ಬಂದದ್ದು ಈ ರೈಲುಗಳಿಗಿಂತ ಬಹಳ ಮುಂಚೆ, ಕಾರ್ಖಾನೆಗಳ ಜೊತೆಗೆ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಹುಟ್ಟಿಕೊಂಡವು. ಕೆಲಸ ಹುಡುಕಿ ಕರಾವಳಿಯಿಂದ, ಕೇರಳದಿಂದ, ತಮಿಳುನಾಡಿನಿಂದ ಬಂದವರು ಕ್ವಾರ್ಟರ್ಸ್‌ಗಳಲ್ಲಿ ಅಕ್ಕಪಕ್ಕ ನೆಲೆಸಿದರು. ಯುಗಾದಿಯ ಒಬ್ಬಟ್ಟು ಒಂದು ಮನೆಯಿಂದ ಹೊರಟರೆ ಡಿಸೆಂಬರಿನ ತಟ್ಟೆ ಇನ್ನೊಂದು ಮನೆಯಿಂದ ಹೊರಡುತ್ತಿತ್ತು.

ಆ ತಟ್ಟೆಯಲ್ಲಿ ಇರುತ್ತಿದ್ದುದನ್ನು ಸರಿಯಾಗಿ ನೋಡಬೇಕು. ಈಗ ಕ್ರಿಸ್ಮಸ್ ತಿಂಡಿ ಎಂದರೆ ಓವನ್, ಕೇಕು, ಮರದಾಕಾರದ ಬಿಸ್ಕತ್ತು ಕಣ್ಣಿಗೆ ಬರುತ್ತದೆ. ಆದರೆ ಕನ್ನಡ ನೆಲದಲ್ಲಿ ಈ ಹಬ್ಬದ ತಿಂಡಿಯ ಬಹುಪಾಲು ಬೆಂದದ್ದು ಬಾಣಲೆಯಲ್ಲಿ. ಓವನ್ ಬಂದದ್ದು ತಡವಾಗಿ, ಅದೂ ಮನೆಯೊಳಕ್ಕೆ ಇನ್ನೂ ತಡವಾಗಿ.

ಕುಸ್ವಾರ್‌ನಲ್ಲಿ ಮೊದಲ ಗೌರವ ಕಿಡಿಯೊಗೆ. ಮೈದಾ, ಮೊಟ್ಟೆ, ತೆಂಗಿನ ಹಾಲು ಸೇರಿಸಿ ಕಲಸಿದ ಹಿಟ್ಟನ್ನು ಗೋಲಿಯಷ್ಟು ಚಿವುಟಿ, ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಬೆನ್ನಿನ ಮೇಲೋ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಅದು ಗೆರೆ ಮೂಡಿಸಿಕೊಂಡು ಸುರುಳಿಯಾಗುತ್ತದೆ. ಗೆರೆ ಬರೀ ಅಂದಕ್ಕಲ್ಲ. ಹಿಟ್ಟು ತೆಳುವಾಗಿ ಸುರುಳಿಯಾಗುವುದರಿಂದ ಒಳಗಿನವರೆಗೂ ಗರಿಗರಿಯಾಗಿ ಬೇಯುತ್ತದೆ, ಆಮೇಲೆ ಹಾಕುವ ಸಕ್ಕರೆ ಪಾಕ ಆ ಗೆರೆಗಳಲ್ಲೇ ಹಿಡಿದುಕೊಳ್ಳುತ್ತದೆ. ಒಂದು ಕಿಲೋ ಮೈದಾಕ್ಕೆ ನೂರಾರು ಕಿಡಿಯೊ ಆಗುತ್ತವೆ. ಒಬ್ಬರೇ ಕೂತರೆ ಮುಗಿಯದ ಕೆಲಸ. ಹಾಗಾಗಿ ಮೇಜಿನ ಮೇಲೆ ಹಳೆ ಪತ್ರಿಕೆ ಹಾಸಿ ಅಜ್ಜಿ, ಸೊಸೆ, ಮಕ್ಕಳು, ಆ ಹೊತ್ತಿಗೆ ಬಂದ ನೆಂಟರು ಎಲ್ಲರೂ ಸುತ್ತ ಕೂರುತ್ತಾರೆ. ಚಿಕ್ಕ ಮಕ್ಕಳು ಒತ್ತಿದ್ದು ಸೊಟ್ಟಗಿರುತ್ತದೆ, ಅದನ್ನೂ ಬಾಣಲೆಗೆ ಬಿಡುತ್ತಾರೆ.

ಉಳಿದ ತಿಂಡಿಗಳ ಸಾಲು ದೊಡ್ಡದು. ಅಕ್ಕಿ ಹಿಟ್ಟು, ತೆಂಗಿನಕಾಯಿಯ ಪುಟ್ಟ ಉಂಡೆ ಕಟ್ಟಿ ಕರಿದ ಗುಳಿಯೊ. ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿದ ನೆವ್ರಿ. ಬಿಸಿ ಎಣ್ಣೆಯಲ್ಲಿ ಕಾಯಿಸಿದ ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಮತ್ತೆ ಎಣ್ಣೆಗೆ ಇಳಿಸಿ ಬಿಡಿಸುವ ರೋಸ್ ಕುಕ್ಕಿ. ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಅಂಟುವುದಿಲ್ಲ. ಅಚ್ಚಿನ ಅಂಚಿನ ಮೇಲಕ್ಕೂ ಹಿಟ್ಟು ಹತ್ತಿದರೆ ಹೂವು ಕಳಚುವುದಿಲ್ಲ. ತುಕ್ಡಿ, ಎಳ್ಳುಂಡೆ, ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಸೀಬೆಹಣ್ಣಿನ ತಿರುಳು ಕಾಯಿಸಿ ಕತ್ತರಿಸಿದ ಪೆರಾದ್ ಇವೆಲ್ಲ ಜೊತೆಗೆ. ಒಲೆಯ ಮೇಲಲ್ಲದೆ ಭಟ್ಟಿಯಲ್ಲಿ ಬೇಯಬೇಕಾದವು ಬೆರಳೆಣಿಕೆಯಷ್ಟೇ: ಗೋಡಂಬಿಯ ಮ್ಯಾಕರೂನ್, ರವೆ ಮತ್ತು ತೆಂಗಿನಕಾಯಿಯ ಬಾತ್, ಆಮೇಲೆ ಕೇಕು.

ಈ ಪಟ್ಟಿಯಲ್ಲಿ ಎರಡು ನೆಲಗಳ ಅಡುಗೆ ಕೂಡಿದೆ. ಮಂಗಳೂರಿನ ಕ್ಯಾಥೊಲಿಕರ ಪೂರ್ವಜರು 16ರಿಂದ 18ನೇ ಶತಮಾನದವರೆಗೆ ಗೋವಾದಿಂದ ತಂಡತಂಡವಾಗಿ ಕೆನರಾಕ್ಕೆ ಬಂದವರು. ಮೊಟ್ಟೆ, ಮೈದಾ ಬಳಸುವ ಪೋರ್ಚುಗೀಸರ ಅಡುಗೆ, ಗೋಡಂಬಿ, ಸೀಬೆ ಅವರ ಜೊತೆ ಬಂದವು. ಅಕ್ಕಿ, ತೆಂಗು, ಎಳ್ಳು, ಬೆಲ್ಲ ಇಲ್ಲೇ ಇದ್ದವು. 1784ರಲ್ಲಿ ಟಿಪ್ಪು ಆ ಸಮುದಾಯವನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. 1799ರಲ್ಲಿ ಬಿಡುಗಡೆಯಾಗಿ ಬದುಕುಳಿದವರು ಊರಿಗೆ ಮರಳಿ ಮನೆ, ಹೊಲ, ಇಗರ್ಜಿಗಳನ್ನು ಮತ್ತೆ ಕಟ್ಟಬೇಕಾಯಿತು. ಹದಿನೈದು ವರ್ಷ ಊರೇ ಇಲ್ಲದೆ ಕಳೆದವರ ಅಡುಗೆ ಇಂದಿಗೂ ಇಷ್ಟು ತುಂಬಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಅದನ್ನು ಬರಹಕ್ಕೆ ಇಳಿಸಿದವರೂ ಇದ್ದರು. ಮಂಗಳೂರಿನ ಇಸಿಡೋರ್ ಕೊಯೆಲ್ಹೊ ಅವರ ‘ದಿ ಶೆಫ್’ ಎಂಬ ಅಡುಗೆ ಪುಸ್ತಕ ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಪೆಟ್ಟಿಗೆಯಲ್ಲಿ ಜೊತೆಗೆ ಹೋಗುತ್ತಿತ್ತು.

ಹಳೆ ಮೈಸೂರಿನ ಕಡೆಯ ಕನ್ನಡ ಕ್ರೈಸ್ತರದು ಬೇರೆಯೇ ಕಥೆ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಲ್ಲಿ ಕ್ರೈಸ್ತ ಒಕ್ಕಲು ಮನೆಗಳಿರುವುದು ಶತಮಾನಗಳಿಂದ. ಈ ಸೀಮೆಯಲ್ಲಿ ಕ್ರಿಸ್ಮಸ್‌ಗೂ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ, ರವೆಉಂಡೆ. ಕರಾವಳಿಯ ನೆವ್ರಿಯನ್ನೂ ಇಲ್ಲಿನ ಕರ್ಜಿಕಾಯಿಯನ್ನೂ ಪಕ್ಕಪಕ್ಕ ಇಟ್ಟರೆ ಹೊರಗಿನಿಂದ ಬೇರೆ ಮಾಡುವುದು ಕಷ್ಟ. ಜಾಲಹಳ್ಳಿಯ ಕ್ವಾರ್ಟರ್ಸ್‌ನಲ್ಲಿ ತಟ್ಟೆ ಸಲೀಸಾಗಿ ಬಾಗಿಲು ದಾಟಿದ್ದಕ್ಕೆ ಇದೂ ಒಂದು ಕಾರಣ. ದೀಪಾವಳಿ, ಸಂಕ್ರಾಂತಿಗಳಲ್ಲಿ ತಾವೇ ಮಾಡುವ ತಿಂಡಿಯ ಹತ್ತಿರದ ನೆಂಟನನ್ನು ನೆರೆಯವರು ಅದರಲ್ಲಿ ಗುರುತಿಸುತ್ತಿದ್ದರು. ಮೊಟ್ಟೆ ಹಾಕಿದ್ದು ಯಾವುದು, ಹಾಕದ್ದು ಯಾವುದು ಎಂದು ತಂದವರೇ ಹೇಳಿಬಿಡುತ್ತಿದ್ದರು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ಎಲ್ಲ ಮನೆಗಳಿಗೂ ಒಂದೇ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸುತ್ತಿದ್ದರು.

ಕೇಕು ಬಂದದ್ದು ಇನ್ನೊಂದು ದಿಕ್ಕಿನಿಂದ. 1809ರಲ್ಲಿ ಬ್ರಿಟಿಷ್ ದಂಡು ಶ್ರೀರಂಗಪಟ್ಟಣ ಬಿಟ್ಟು ಬೆಂಗಳೂರಿನ ಹಲಸೂರಿನ ಬಳಿ ನೆಲೆಯೂರಿದಾಗ ಸೈನಿಕರಿಗೆ ದಿನವೂ ರೊಟ್ಟಿ, ಅಂದರೆ ಬ್ರೆಡ್, ಬೇಕಾಯಿತು. ಬ್ರೆಡ್ಡಿಗೆ ಭಟ್ಟಿ ಬೇಕು, ಭಟ್ಟಿಗೆ ಕೆಲಸದವರು ಬೇಕು. ಹೀಗೆ ದಂಡಿನ ಪ್ರದೇಶದಲ್ಲಿ ಬೇಕರಿ ಕಸುಬು ಬೇರುಬಿಟ್ಟಿತು. ಆಂಗ್ಲೋ-ಇಂಡಿಯನ್ ಕುಟುಂಬಗಳು ಬೆಳೆದವು. 1882ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಅವರ ಸಂಘಕ್ಕೆ ಕೊಟ್ಟ ಜಮೀನಿನಲ್ಲಿ ವೈಟ್‌ಫೀಲ್ಡ್ ಎಂಬ ಊರೇ ಆಯಿತು. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯ ಆಲ್ಬರ್ಟ್ ಬೇಕರಿ 1902ರದು. ಪೇಟೆಯ ಕಡೆ, ಹಾಸನ ಜಿಲ್ಲೆಯಿಂದ ಬಂದ ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿಬಿ ಬೇಕರಿ ತೆರೆದರು. ಅಯ್ಯಂಗಾರ್ ಬೇಕರಿಗಳ ವಂಶ ಶುರುವಾಗುವುದು ಅಲ್ಲಿಂದ. ಮೊಟ್ಟೆ ಮುಟ್ಟದ ಮನೆಗಳಿಗೂ ಬ್ರೆಡ್ಡು, ಬನ್ನು, ಬೆಣ್ಣೆ ಬಿಸ್ಕತ್ತು ಒಳಬಂದದ್ದು ಅವರಿಂದ.

ಪಕ್ಕದ ಮಲಬಾರಿನ ಪ್ರಸಂಗವೊಂದು ಎಲ್ಲರ ಬಾಯಲ್ಲೂ ಇದೆ. ತಲಶ್ಶೇರಿಯಲ್ಲಿ ಬಿಸ್ಕತ್ತು ಮಾಡುತ್ತಿದ್ದ ಮಾಂಬಳ್ಳಿ ಬಾಪು ಬಳಿಗೆ 1883ರಲ್ಲಿ ಅಂಜರಕಂಡಿಯ ತೋಟದ ಧಣಿ ಬ್ರೌನ್ ಇಂಗ್ಲೆಂಡಿನಿಂದ ತಂದ ಪ್ಲಮ್ ಕೇಕಿನ ತುಂಡು ಹಿಡಿದು ಬಂದು, ಇದನ್ನು ನೀನು ಮಾಡಿಕೊಡು ಎಂದನಂತೆ. ಬ್ರಾಂದಿಯ ಬದಲು ಊರಿನ ಹಣ್ಣಿನ ಮದ್ಯ ಹಾಕಿ ಬಾಪು ಮಾಡಿದ ಕೇಕನ್ನು ಧಣಿ ಮೆಚ್ಚಿಕೊಂಡನಂತೆ. ವಿವರಗಳು ಹೇಳುವವರ ಬಾಯಲ್ಲಿ ಹೆಚ್ಚುಕಮ್ಮಿ ಆಗುತ್ತವೆ. ಆದರೆ ಸಿಗದ ಸಾಮಾನಿನ ಜಾಗಕ್ಕೆ ಊರಿನದನ್ನೇ ಹಾಕಿ ಕೇಕನ್ನು ನಮ್ಮದಾಗಿಸಿಕೊಂಡ ಕ್ರಮ ಮಾತ್ರ ಎಲ್ಲ ಕಡೆಯೂ ನಡೆದದ್ದೇ. ವಿಲಾಯತಿಯ ಹಣ್ಣಿನ ಸಿಪ್ಪೆಯ ಬದಲು ಹಸಿ ಪಪ್ಪಾಯಿಯನ್ನು ಪಾಕದಲ್ಲಿ ನೆನೆಸಿ ಬಣ್ಣ ಕಟ್ಟಿದ ಟೂಟಿ ಫ್ರೂಟಿ, ಜೊತೆಗೆ ಬೂದುಗುಂಬಳದ ಪೇಠಾ. ಕೇಕಿನ ಕಡುಕಪ್ಪು ಬಣ್ಣಕ್ಕೆ ಸಕ್ಕರೆಯನ್ನೇ ಕರಟುವ ಹಂತದವರೆಗೆ ಹುರಿದು ನೀರು ಹೊಯ್ದು ಮಾಡಿದ ಪಾಕ. ಶಿವಾಜಿನಗರದಲ್ಲಿ 1927ರಲ್ಲಿ ಎದ್ದ ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಅಂಗಡಿಗಳು ಇಂದಿಗೂ ಡಿಸೆಂಬರಿನಲ್ಲಿ ಒಣದ್ರಾಕ್ಷಿ, ಗೋಡಂಬಿ, ಪೇಠಾಗಳಿಂದ ತುಂಬಿರುತ್ತವೆ.

ಕೇಕಿನ ಹಿಟ್ಟು ಮನೆಯದಾದರೂ ಬೇಯುತ್ತಿದ್ದುದು ಮನೆಯಲ್ಲಲ್ಲ. ಇದು ಈ ಇತಿಹಾಸದ ಅತ್ಯಂತ ಸೊಗಸಾದ ಭಾಗ. ಮನೆಯಲ್ಲಿ ಓವನ್ ಇಲ್ಲದ ಕಾಲದಲ್ಲಿ ಬೆಣ್ಣೆ, ಸಕ್ಕರೆ ನೊರೆ ಬರುವಂತೆ ತಿರುವಿ, ಮೊಟ್ಟೆ ಕಲಸಿ, ರಮ್ಮಿನಲ್ಲಿ ವಾರಗಟ್ಟಲೆ ನೆನೆದ ಹಣ್ಣು ಸೇರಿಸಿ, ಹಿಟ್ಟನ್ನು ತಗಡಿನ ಅಚ್ಚುಗಳಿಗೆ ಸುರಿದು, ಹತ್ತಿರದ ಬೇಕರಿಗೆ ಹೊತ್ತು ಒಯ್ಯುತ್ತಿದ್ದರು. ಬೇಕರಿಯವರು ಬೇಯಿಸಿದ ಕೂಲಿಯಷ್ಟೇ ತೆಗೆದುಕೊಳ್ಳುತ್ತಿದ್ದರು. ಯಾರ ಅಚ್ಚು ಯಾರದೋ ಎಂದು ಅದಲುಬದಲಾಗದಂತೆ ಹೆಸರಿನ ಚೀಟಿಯೋ ಗುರುತೋ ಇರಬೇಕಿತ್ತು. ಕಂಟೋನ್ಮೆಂಟಿನ ಭಟ್ಟಿಯವರಲ್ಲಿ ಬಹಳ ಮಂದಿ ಮುಸ್ಲಿಮರು. ಮೊಹರಂ ಹೊತ್ತಿಗೆ ಅವರ ಕೇರಿಯ ಮನೆಗಳಿಂದಲೂ ರವೆಯ ‘ರೋಟ್’ ಇದೇ ಭಟ್ಟಿಗಳಿಗೆ ಬರುತ್ತಿತ್ತು. ಒಂದೇ ಇಟ್ಟಿಗೆಯ ಒಲೆ, ಎರಡು ಹಬ್ಬದ ತಟ್ಟೆಗಳು.

ಸೌದೆಯ ಭಟ್ಟಿಗೆ ಅದರದೇ ಗಡಿಯಾರವಿದೆ. ಒಳಗೆ ಸೌದೆ ಉರಿಸಿ ಇಟ್ಟಿಗೆಯ ಕಮಾನು ಚೆನ್ನಾಗಿ ಕಾದ ಮೇಲೆ ಕೆಂಡ ಬಳಿದು ಹೊರಗೆಳೆಯುತ್ತಾರೆ, ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಾರೆ. ಆಮೇಲೆ ಬೇಯುವುದೆಲ್ಲ ಇಟ್ಟಿಗೆ ಹಿಡಿದಿಟ್ಟುಕೊಂಡ ಕಾವಿನಲ್ಲೇ. ಕಾವು ಮೊದಲಿಗೆ ಜೋರು. ಆಗ ಬ್ರೆಡ್ಡು, ಬನ್ನು. ತುಸು ಇಳಿದ ಮೇಲೆ ಕೇಕು, ಬಿಸ್ಕತ್ತು. ಕೊನೆಗೆ ರಾತ್ರಿಯಿಡೀ ಉಳಿಯುವ ಬೆಚ್ಚನೆಯಲ್ಲಿ ರಸ್ಕು ಒಣಗುತ್ತದೆ. ಥರ್ಮಾಮೀಟರ್ ಇಲ್ಲ, ಒಂದು ಹಿಡಿ ಮೈದಾ ಒಳಗೆ ಎರಚಿ, ಅದು ಎಷ್ಟು ಬೇಗ ಕೆಂಪಾಗುತ್ತದೆಂದು ನೋಡಿ ಕಾವು ಅಳೆಯುತ್ತಿದ್ದರು. ಹಣ್ಣು ತುಂಬಿದ ಭಾರದ ಕೇಕಿಗೆ ಬೇಕಾದದ್ದು ನಿಧಾನಕ್ಕೆ ಇಳಿಯುವ ಇಂಥ ಕಾವೇ. ಗುಂಡಿ ತಿರುಗಿಸಿದರೆ ಒಂದೇ ಮಟ್ಟದಲ್ಲಿ ನಿಲ್ಲುವ ಇಂದಿನ ಓವನ್‌ಗಳಲ್ಲಿ ಅಂಚು ಒಣಗಿ ನಡುಭಾಗ ಹಸಿ ಉಳಿಯುವ ತಾಪತ್ರಯ ಹೆಚ್ಚು. ಅದಕ್ಕೇ ಅಚ್ಚಿನ ಸುತ್ತ ಕಾಗದ ಸುತ್ತುತ್ತಾರೆ.

ಬೇಕರಿ ದೂರವಿದ್ದ ಊರುಗಳಲ್ಲಿ ಹೆಂಗಸರು ಬೇರೆ ಉಪಾಯ ಮಾಡಿಕೊಂಡಿದ್ದರು. ದಪ್ಪ ತಳದ ಪಾತ್ರೆಯಲ್ಲಿ ಮರಳು ಹರಡಿ, ಅದರ ಮೇಲೆ ಕೇಕಿನ ಅಚ್ಚು ಇಟ್ಟು, ಮುಚ್ಚಳದ ಮೇಲೂ ತೆಂಗಿನ ಗೆರಟೆಯ ಕೆಂಡ ಹಾಕುವುದು. ಕೆಳಗಿನ ಕೆಂಡ ಕಡಿಮೆ, ಮೇಲಿನದು ಹೆಚ್ಚು. ಮೂಗೇ ಅಳತೆಗೋಲು. ಮರಳಿನ ಈ ಪಾಠ ಮುಂದೆ ಪ್ರೆಶರ್ ಕುಕ್ಕರಿಗೂ ದಾಟಿತು: ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳದಲ್ಲಿ ಮರಳೋ ಉಪ್ಪೋ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದ ಕೇಕು ಕಾರ್ಖಾನೆ ಕ್ವಾರ್ಟರ್ಸ್‌ಗಳ ಎಷ್ಟೋ ಮಕ್ಕಳ ಮೊದಲ ಕೇಕು. ಅದರ ಹಿಂದೆಯೇ ಮುಚ್ಚಳಕ್ಕೆ ಗಾಜಿನ ಕಿಂಡಿಯಿದ್ದ ಅಲ್ಯೂಮಿನಿಯಮ್ಮಿನ ದುಂಡನೆಯ ಕರೆಂಟ್ ಓವನ್ ಬಂತು. ಬೀದಿಗೊಂದಿದ್ದರೂ ಸಾಕಿತ್ತು, ಸುತ್ತಲ ಮನೆಗಳವರೆಲ್ಲ ಸರದಿ ಹಚ್ಚುತ್ತಿದ್ದರು.

ಹಬ್ಬದ ಮೇಜಿಗೆ ಉತ್ತರ ಬೆಂಗಳೂರಿನ ಮಣ್ಣು ಕೊಟ್ಟ ಪಾಲೂ ಇದೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸುತ್ತ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿ, 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದದ್ದು. ದಪ್ಪ ಸಿಪ್ಪೆ, ಗಾಢ ಬಣ್ಣ, ಬೀಜ, ಗಮ್ಮೆನ್ನುವ ವಾಸನೆ. ಮನೆಯಲ್ಲಿ ವೈನ್ ಮಾಡುವವರು ಈ ದ್ರಾಕ್ಷಿಯನ್ನೇ ಕಿವುಚಿ, ಸಕ್ಕರೆ, ಯೀಸ್ಟು, ಒಂದು ಹಿಡಿ ಗೋಧಿ ಸೇರಿಸಿ ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟುತ್ತಾರೆ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತಾರೆ.

ಬೇಕರಿ ವಿದ್ಯೆಯನ್ನು ಯಾರು ಬೇಕಾದರೂ ಕಲಿಯಬಹುದಾದ ವಿದ್ಯೆಯಾಗಿ ಮಾಡಿದ್ದರಲ್ಲಿ ಹೆಬ್ಬಾಳಕ್ಕೆ ದೊಡ್ಡ ಪಾತ್ರವಿದೆ. 1964ರಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಅಲ್ಲಿದೆ. ಭಟ್ಟಿಯ ಕೆಲಸ ತಂದೆಯಿಂದ ಮಗನಿಗೆ, ಉಸ್ತಾದನಿಂದ ಹುಡುಗನಿಗೆ ಹೋಗುತ್ತಿದ್ದ ಕಾಲ ಕಳೆದು, ಗೃಹಿಣಿಯರು ಬ್ಯಾಗು ಹಿಡಿದು ಬಸ್ಸಿನಲ್ಲಿ ಬಂದು ಯೀಸ್ಟಿನ ಲೆಕ್ಕ, ಹಿಟ್ಟಿನ ತೂಕ ಕಲಿತುಕೊಂಡು ಹೋಗುವಂತಾಯಿತು. ರಾಗಿ ಬಿಸ್ಕತ್ತು ಮಾಡುವುದನ್ನೂ ಅಲ್ಲಿ ಕಲಿಸುತ್ತಾರೆ. ಇತ್ತ ನಗರದಲ್ಲಿ 1970ರ ದಶಕದ ಮಧ್ಯದಲ್ಲಿ ಶುರುವಾದ ಡಿಸೆಂಬರಿನ ಕೇಕ್ ಪ್ರದರ್ಶನ 2024ರಲ್ಲಿ ಐವತ್ತನೆಯ ವರ್ಷ ಕಂಡಿತು. ಸಕ್ಕರೆಯಲ್ಲಿ ಕಟ್ಟಿದ ಕೋಟೆ, ದೇವಾಲಯಗಳನ್ನು ನೋಡಲು ಜನ ಟಿಕೆಟ್ ಕೊಂಡು ಸಾಲುಗಟ್ಟುತ್ತಾರೆ.

ಈಗ ಚಿಕ್ಕಬಾಣಾವರ, ಸೋಲದೇವನಹಳ್ಳಿ, ಹೆಸರಘಟ್ಟ ರಸ್ತೆಗಳ ಉದ್ದಕ್ಕೂ ಕಾಲೇಜುಗಳು. ಕೇರಳದ, ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳು ಪಿಜಿಗಳಲ್ಲಿದ್ದಾರೆ. ಡಿಸೆಂಬರ್ ಹತ್ತಿರವಾದರೆ ಬೀದಿಯ ಬೇಕರಿಗಳೆಲ್ಲ ಪ್ಲಮ್ ಕೇಕಿನ ಪೊಟ್ಟಣ ಜೋಡಿಸುತ್ತವೆ. ಅಪಾರ್ಟ್‌ಮೆಂಟುಗಳಲ್ಲಿ ಮನೆಯಲ್ಲೇ ಕೇಕು ಮಾಡಿ ಮಾರುವ ಹೆಂಗಸರು ವಾಟ್ಸ್ಯಾಪಿನಲ್ಲಿ ಆರ್ಡರ್ ಬರೆದುಕೊಳ್ಳುತ್ತಾರೆ. ಇದು ಒಳ್ಳೆಯ ಬದಲಾವಣೆ. ಒಂದು ಕಾಲಕ್ಕೆ ಹಬ್ಬದ ದುಡಿಮೆಯೆಂದು ಲೆಕ್ಕಕ್ಕೇ ಬಾರದಿದ್ದ ಕೈಗಳಿಗೆ ಈಗ ಕೂಲಿ ಸಿಗುತ್ತಿದೆ, ಕೆಲವರಿಗೆ ಅದು ಮಕ್ಕಳ ಫೀಸು. ಆದರೆ ಓವನ್ ಒಬ್ಬರೇ ನಿಭಾಯಿಸುವ ಸಾಧನ. ಹಿಟ್ಟು ಹೊತ್ತು ಬೇಕರಿಗೆ ನಡೆಯುತ್ತಿದ್ದ ಸಾಲು, ಒಂದೇ ಭಟ್ಟಿಯಲ್ಲಿ ಹತ್ತು ಮನೆಯ ಕೇಕು ಒಟ್ಟಿಗೆ ಬೇಯುತ್ತಿದ್ದ ಆ ರಾತ್ರಿ ಅದರೊಂದಿಗೆ ಮುಗಿದುಹೋಯಿತು. ಅದಕ್ಕಾಗಿ ಮರುಗುವುದರಲ್ಲಿ ತಪ್ಪೇನಿಲ್ಲ.

ಕಿಡಿಯೊ ಮಾತ್ರ ಇನ್ನೂ ಹಳೆಯ ಹಟ ಬಿಟ್ಟಿಲ್ಲ. ಅಂಗಡಿಗಳಲ್ಲಿ ಕುಸ್ವಾರ್ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಊರಿನಿಂದ ಪಾರ್ಸಲ್ಲೂ ಬರುತ್ತದೆ. ಹಾಗಿದ್ದೂ ಕೇಕನ್ನು ಹೊರಗೆ ಹೇಳಿಸಿ, ಕಿಡಿಯೊಗೆಂದು ಡಿಸೆಂಬರಿನ ಒಂದು ಭಾನುವಾರ ತೆಗೆದಿಡುವ ಮನೆಗಳು ಜಾಲಹಳ್ಳಿಯ ಸುತ್ತ ಇನ್ನೂ ಇವೆ. ಇಗರ್ಜಿಯ ಪೂಜೆ ಮುಗಿಸಿ ಬಂದು ಊಟವಾದ ಮೇಲೆ ಹಿಟ್ಟು ಕಲಸಿದರೆ, ಒತ್ತುವ ಕೆಲಸ ಮುಗಿಯುವಷ್ಟರಲ್ಲಿ ಸಂಜೆಯಾಗುತ್ತದೆ. ಎಣ್ಣೆ ಕಾಯಿಸುವುದು ಆಮೇಲೆ.