ಕಿಟ್ಟದ ವಯಸ್ಸು: ಮಂಡೂರದ ಶ್ಲೋಕವೂ ಅಲ್ಯೂಮಿನಿಯಂ ಕೆನೆಯೂ

ಕರಗಿದ ಅಲ್ಯೂಮಿನಿಯಂ ಮೇಲೆ ಕಟ್ಟುವ ಕೆನೆಯಿಂದ ಲೋಹ ಹಿಂಪಡೆಯುವ ವಿದ್ಯೆಗೆ ಪ್ರಾಚೀನ ವಂಶಾವಳಿ ಹುಡುಕುವವರು ರಸಶಾಸ್ತ್ರ ಗ್ರಂಥ ‘ರಸರತ್ನಸಮುಚ್ಚಯ’ದ ಮಂಡೂರ (ಹಳೆಯ ಲೋಹಕಿಟ್ಟ) ಪ್ರಕರಣಕ್ಕೆ ಬಂದು ನಿಲ್ಲುತ್ತಾರೆ. ನೂರು ವರ್ಷ ದಾಟಿದ ಲೋಹಕಿಟ್ಟ ಉತ್ತಮ, ಎಂಬತ್ತರದ್ದು ಮಧ್ಯಮ, ಅರವತ್ತರದ್ದು ಅಧಮ ಎಂಬ ಅಲ್ಲಿನ ತರತಮ ತೋರಿಸಿ, ಕಸದಿಂದ ಲೋಹ ತೆಗೆಯುವುದು ನಮ್ಮವರಿಗೆ ಆಗಲೇ ಗೊತ್ತಿತ್ತು ಎನ್ನುತ್ತಾರೆ. ನನಗಿದನ್ನು ಮೊದಲು ಹೇಳಿದವರು ನಾನು ಗೌರವಿಸುವ ಹಿರಿಯರು. ಗೌರವ ಹಾಗೇ ಇದೆ. ಓದು ಮಾತ್ರ ತಪ್ಪು.

ಮುಂದಿನ ವಿಧಿಯನ್ನೇ ನೋಡಬೇಕು. ಕಿಟ್ಟವನ್ನು ತಾರೆಮರದ ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ, ಗೋಮೂತ್ರದಲ್ಲಿ ಏಳು ಸಲ ಅದ್ದಿ, ಅರೆದು ಪುಡಿ ಮಾಡಬೇಕು. ಎಲ್ಲಿಯೂ ಒಂದು ಗುಂಜಿ ಕಬ್ಬಿಣ ಹೊರಬರುವುದಿಲ್ಲ. ಇಲ್ಲಿ ಕಿಟ್ಟವೇ ಔಷಧ. ಉಂಡ ಅನ್ನ ಸಾರ, ಕಿಟ್ಟ ಎಂದು ಬೇರೆಯಾಗುತ್ತದೆ ಎನ್ನುವ ವೈದ್ಯರ ಪರಿಭಾಷೆಯಲ್ಲಿ ಸಾರ ಹೋದ ಮೇಲೆ ಉಳಿದದ್ದಷ್ಟೇ ಕಿಟ್ಟ. (ರಸಾಯನಶಾಸ್ತ್ರ ಇದನ್ನು ಪೂರ್ತಿ ಒಪ್ಪದು: 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ ಮಾಗಡಿ ಸೀಮೆಯಲ್ಲಿ ಕಂಡಂಥ ಕುಲುಮೆಗಳ ಕಿಟ್ಟದಲ್ಲಿ ಕಬ್ಬಿಣ ಧಾರಾಳವಾಗಿಯೇ ಉಳಿಯುತ್ತದೆ. ಆದರೆ ಅದು ಸಿಲಿಕಾ ಜೊತೆ ಬೆಸೆದುಕೊಂಡ ಕಬ್ಬಿಣ, ಲೋಹರೂಪದ್ದಲ್ಲ.)

ಅಲ್ಯೂಮಿನಿಯಂ ಕೆನೆಯ ಕಥೆ ಬೇರೆ. ಬೆಂಗಳೂರಿನ ಸಂಜಯನಗರದ ನನ್ನ ಮನೆಯಿಂದ ಕೈಗಾರಿಕಾ ಪ್ರದೇಶ ಪೀಣ್ಯ ದೂರವೇನಲ್ಲ, ಗೊರಗುಂಟೆಪಾಳ್ಯದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಳ್ಳದಿದ್ದರೆ. ಅಲ್ಲಿನ ಸಣ್ಣ ಎರಕದ ಶೆಡ್ಡೊಂದರಲ್ಲಿ ಮೂಸೆಯ ಮೇಲಿನ ಬೂದುಬಣ್ಣದ ಕೆನೆಯನ್ನು ಸೌಟಿನಿಂದ ಎಳೆದು, ತಳದಲ್ಲಿ ತೂತಿದ್ದ ಬಾನಿಗೆ ಸುರಿದರು. ಗುಡ್ಡೆ ಆರಲಿಲ್ಲ, ಒಳಗಿನಿಂದ ಬೆಳ್ಳಗೆ ಹೊತ್ತಿಕೊಂಡಿತು. ಉರಿಯುತ್ತಿದ್ದದ್ದು ಕಸವಲ್ಲ, ಲೋಹ. ಒಬ್ಬಾತ ಉಪ್ಪಿನ ಪುಡಿ ಎರಚಿ ಸಲಾಕೆಯಿಂದ ಕಲಸಿದ. ಸ್ವಲ್ಪ ಹೊತ್ತಿಗೆ ತೂತಿನಿಂದ ಬೆಳ್ಳಿಯಂಥ ಎಳೆ ಇಳಿಯತೊಡಗಿತು.

ಇಂಥ ಕೆನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲೋಹವಿರುವುದುಂಟು. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಪ್ರತಿ ಹನಿಯನ್ನು ಸುತ್ತಿದ ಆಕ್ಸೈಡ್ ಪೊರೆ 2000 ದಾಟಿದರೂ ಕರಗದು. ಹನಿಗಳು ಪಕ್ಕದಲ್ಲೇ ಇದ್ದೂ ಕೂಡಿಕೊಳ್ಳಲಾರವು. ಅಡುಗೆ ಉಪ್ಪು, ಪೊಟ್ಯಾಸಿಯಂ ಕ್ಲೋರೈಡ್‌ಗಳನ್ನು ಹದವಾಗಿ ಬೆರೆಸಿದರೆ ಸುಮಾರು 657 ಡಿಗ್ರಿಗೇ ದ್ರವವಾಗುತ್ತವೆ. ಜೊತೆಗೆ ಒಂದಿಷ್ಟು ಕ್ರಯೊಲೈಟ್ ಎಂಬ ಫ್ಲೋರೈಡ್ ಖನಿಜ ಇದ್ದರೆ ಪೊರೆ ಬಿಟ್ಟುಕೊಳ್ಳುತ್ತದೆ, ಹನಿಗಳು ಕೂಡುತ್ತವೆ. ತಡಮಾಡಿದಷ್ಟೂ ಲೋಹ ಉರಿದು ಆಕ್ಸೈಡ್ ಆಗುತ್ತದೆ. ಶ್ಲೋಕದ ತರತಮ ಇಲ್ಲಿ ತಲೆಕೆಳಗು: ಈಗ ತೆಗೆದದ್ದು ಉತ್ತಮ, ಗಂಟೆ ಕಳೆದದ್ದು ಮಧ್ಯಮ, ಮಳೆಗೆ ನೆನೆದದ್ದು ಅಧಮ.

ನಿಜವಾದ ಪೂರ್ವಜರು ಬೇಕೆಂದರೆ ಹತ್ತೊಂಬತ್ತನೆಯ ಶತಮಾನಕ್ಕೇ ಬರಬೇಕು. 1827ರಲ್ಲಿ ಜರ್ಮನ್ ರಸಾಯನಜ್ಞ ವೋಲರ್‌ಗೆ ದಕ್ಕಿದ್ದು ಅಲ್ಯೂಮಿನಿಯಂನ ಬೂದುಬಣ್ಣದ ಪುಡಿ. ಕಣ್ಣಿಗೆ ಕಾಣುವ ಗುಂಡು ಹನಿಗಳಿಗೆ ಅವರು 1845ರವರೆಗೆ ಕಾಯಬೇಕಾಯಿತು. ಚೂರುಗಳನ್ನು ಕೂಡಿಸುವ ಕಷ್ಟವನ್ನು ಬಿಡಿಸಲು ಫ್ಲೋರ್‌ಸ್ಪಾರ್, ಕ್ರಯೊಲೈಟ್‌ಗಳನ್ನು ದುಡಿಸಿಕೊಂಡವರು ಫ್ರೆಂಚ್ ರಸಾಯನಜ್ಞ ಸೇಂಟ್-ಕ್ಲೇರ್ ಡೆವಿಲ್. ಅವರ 1859ರ ಅಲ್ಯೂಮಿನಿಯಂ ಗ್ರಂಥ ಇದ್ದರೂ ನಮ್ಮ ಜನಪ್ರಿಯ ಲೇಖಕರು ಎತ್ತಿಕೊಂಡಿರುವುದು ಮೂರನೆಯ ನೆಪೋಲಿಯನ್ನನ ಊಟದ ಚಮಚಗಳ ಸಂಭ್ರಮವನ್ನೇ. ಉಪ್ಪಿನ ಪುಟಗಳನ್ನು ಯಾರೂ ತಿರುವಿದಂತಿಲ್ಲ.

ಗೊಂದಲದ ಮೂಲ ಪದದಲ್ಲಿದೆ. ಸ್ಲ್ಯಾಗ್ (ಲೋಹ ಹೋದ ಮೇಲೆ ಉಳಿದದ್ದು), ಡ್ರಾಸ್ (ಕರಗಿದ ಲೋಹದ ಮೇಲಿನ ಕೆನೆ) ಎರಡನ್ನೂ ಕಿಟ್ಟ ಎಂದು ಕರೆದುಬಿಟ್ಟೆವು. ಲೋಹ ಇಳಿದ ಮೇಲೆ ಬಾನಿಯಲ್ಲಿ ಉಳಿಯುವ ಉಪ್ಪುಗಟ್ಟಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ಅಲ್ಲಿಯವರೆಗೆ ಡ್ರಾಸನ್ನು ಕೆನೆ ಎನ್ನುವುದೇ ನನಗೆ ಸರಿ. ಸರ್ಕಾರವನ್ನೂ ಪೂರ್ತಿ ದೂರುವಂತಿಲ್ಲ: 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿ ಡ್ರಾಸನ್ನೂ ಉಪ್ಪಿನ ಕೆಸರಿನ ಸಂಸ್ಕರಣೆಯಲ್ಲಿ ಉಳಿದದ್ದನ್ನೂ ಒಂದೇ ಸಾಲಿಗೆ ಸೇರಿಸಿದ್ದು ಅಪಾಯದ ದೃಷ್ಟಿಯಿಂದ. ಆ ದೃಷ್ಟಿ ಸುಳ್ಳಲ್ಲ. ಶೆಡ್ಡಿನ ಹಿಂದೆ ಪೇರಿಸಿದ್ದ ಮೂಟೆಗಳ ಮೇಲೆ ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಒಳಗಿನ ಅಲ್ಯೂಮಿನಿಯಂ ನೈಟ್ರೈಡ್ ನೀರು ಕುಡಿದು ಅಮೋನಿಯಾ ಬಿಡುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲೇ ಕಣ್ಣು ಉರಿಯಿತು.