ಮಕ್ಕಳ ಸೋಂಕು ಮತ್ತು ರಕ್ತನಾಳದ ಮೂಲಕ ಪ್ರತಿಜೀವಕ: ವಿಷಮಶೀತ ಜ್ವರದ ನಿದರ್ಶನ

ಬೇಗಂ ಬಜಾರಿನ ಸಗಟು ಅಂಗಡಿಗಳ ಹಿಂದಿನ ಓಣಿಗಳಲ್ಲಿ ಮಗುವಿಗೆ ಎರಡು ದಿನ ಜ್ವರ ಬಿಡದಿದ್ದರೆ, 'ಒಂದು ಬಾಟಲಿ ಏರಿಸಿಬಿಡಿ' ಎಂದು ಮನೆಯ ಹಿರಿಯರು ಹೇಳುವುದುಂಟು. ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಉಪ್ಪುನೀರು ಅಥವಾ ಗ್ಲೂಕೋಸ್. ಅದು ರೋಗಾಣುಗಳನ್ನು ಕೊಲ್ಲದು. ಕೊಲ್ಲುವ ಪ್ರತಿಜೀವಕವನ್ನು (ಆಂಟಿಬಯಾಟಿಕ್) ಪ್ರತ್ಯೇಕವಾಗಿ ಸೇರಿಸಬೇಕು. ಅದನ್ನು ಯಾವಾಗ ರಕ್ತನಾಳಕ್ಕೆ ಕೊಡಬೇಕು ಎಂಬುದೇ ಇಲ್ಲಿನ ವಿಷಯ.

ನವಜಾತ ಶಿಶುವಿನ ರಕ್ತದ ಸೋಂಕು, ಮಿದುಳಿನ ಪೊರೆಯ ಉರಿಯೂತ, ತೀವ್ರ ನ್ಯುಮೋನಿಯಾ ಇವುಗಳಲ್ಲಿ ತಡಮಾಡುವಂತಿಲ್ಲ. ಮಗು ಎಲ್ಲವನ್ನೂ ವಾಂತಿ ಮಾಡುತ್ತಿದ್ದರೆ, ಪ್ರಜ್ಞೆ ಮಂದವಾಗಿದ್ದರೆ ಬಾಯಿಯ ಮೂಲಕ ಔಷಧ ಕೊಡಲಾಗದು. ಮೇಲಾಗಿ ಸೆಫ್ಟ್ರಿಯಾಕ್ಸೋನಿನಂತಹ ಔಷಧ ಕರುಳಿನಿಂದ ಹೀರಲ್ಪಡುವುದಿಲ್ಲ. ಅದನ್ನು ಚುಚ್ಚುಮದ್ದಾಗಿಯೇ ಕೊಡಬೇಕು. ಉಳಿದಂತೆ, ರಕ್ತನಾಳದ ಮಾರ್ಗವೆಂದ ಮಾತ್ರಕ್ಕೆ ಔಷಧದ ಶಕ್ತಿ ಹೆಚ್ಚುವುದಿಲ್ಲ. ಹಣವನ್ನು ಯಾವ ಕೌಂಟರಿನಲ್ಲಿ ಕಟ್ಟಿದಿರೆಂಬುದಕ್ಕಿಂತ ಯಾವ ಖಾತೆಗೆ ಕಟ್ಟಿದಿರೆಂಬುದು ಮುಖ್ಯ ಎಂದು ಬ್ಯಾಂಕಿನವನಾದ ನಾನು ಹೇಳಬಲ್ಲೆ!

ಇದಕ್ಕೆ ಸ್ಪಷ್ಟ ನಿದರ್ಶನ ವಿಷಮಶೀತ ಜ್ವರ, ಅಂದರೆ ಟೈಫಾಯಿಡ್. 2016ರ ನವೆಂಬರಿನಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ, ನಮ್ಮೂರಿನ ಹೆಸರಿನದೇ ಆದ ನಗರದಲ್ಲಿ, ಸೆಫ್ಟ್ರಿಯಾಕ್ಸೋನಿಗೂ ಬಗ್ಗದ ಟೈಫಾಯಿಡ್ ಕಾಣಿಸಿಕೊಂಡಿತು. ಕ್ಲೋರಾಂಫೆನಿಕಾಲ್, ಆಂಪಿಸಿಲಿನ್, ಸಿಪ್ರೊಫ್ಲಾಕ್ಸಸಿನ್ ಕೂಡ ವಿಫಲವಾಗಿದ್ದವು. ವೈದ್ಯರ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ರಕ್ತನಾಳಕ್ಕೆ ಕೊಡುವ ದುಬಾರಿ ಮೆರೊಪೆನೆಮ್ ಮತ್ತು ಬಾಯಿಯಿಂದಲೇ ಕೊಡಬಹುದಾದ ಅಜಿಥ್ರೊಮೈಸಿನ್. ಸೂಜಿಯ ಮದ್ದು ಸೋತಲ್ಲಿ ಮಾತ್ರೆ ಗೆದ್ದಿತು. ಆ ನಗರದ ಮಕ್ಕಳಿಗೆ 2018ರಲ್ಲಿ ಹಾಕಿದ ಲಸಿಕೆ ಟೈಪ್‌ಬಾರ್-ಟಿಸಿವಿ ತಯಾರಾದದ್ದು ನಮ್ಮ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ. ಆರು ತಿಂಗಳು ತುಂಬಿದ ಮಗುವಿಗೆ ಇದರ ಒಂದೇ ಡೋಸು ಕೊಡಬಹುದು.

ಭಾರತದಲ್ಲಿ ಟೈಫಾಯಿಡಿಗೆ ಸೆಫ್ಟ್ರಿಯಾಕ್ಸೋನ್ ಇನ್ನೂ ಬಹುಮಟ್ಟಿಗೆ ಫಲಕಾರಿ. ಆದರೆ ಸರಿಯಾದ ಔಷಧ ಆರಂಭಿಸಿದ ಮೇಲೂ ಜ್ವರ ಇಳಿಯಲು ನಾಲ್ಕೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಮೂರನೆಯ ದಿನವೇ ಆಸ್ಪತ್ರೆ ಬದಲಿಸಿ, ಹೊಸ ಔಷಧ ಹಾಕಿಸುವ ತಂದೆತಾಯಿಗಳು ಇದನ್ನು ಗಮನಿಸಬೇಕು. ಮೊದಲ ಡೋಸಿಗೆ ಮುಂಚೆಯೇ ರಕ್ತದ ಕಲ್ಚರ್ ಪರೀಕ್ಷೆಗೆ ಮಾದರಿ ತೆಗೆದಿದ್ದರೆ ಯಾವ ಔಷಧ ನಾಟುವುದೆಂಬುದು ತಿಳಿಯುತ್ತದೆ. ಒಂದೇ ಒಂದು ವೈಡಾಲ್ ಪರೀಕ್ಷೆಯನ್ನು ನೆಚ್ಚುವಂತಿಲ್ಲ.

ಸುರಕ್ಷತೆಯ ವಿಚಾರ. ಪೆನಿಸಿಲಿನ್ ಅಥವಾ ಸೆಫಲೊಸ್ಪೊರಿನ್ ಅಲರ್ಜಿ ಹಿಂದೆ ಆಗಿದ್ದರೆ ಮೊದಲೇ ತಿಳಿಸಬೇಕು. ವಿರಳವಾದರೂ ತೀವ್ರ ಅಲರ್ಜಿ ಪ್ರಾಣಾಪಾಯ ತರಬಲ್ಲದಾದ್ದರಿಂದ, ತುರ್ತು ಚಿಕಿತ್ಸೆಯ ಸೌಕರ್ಯವಿಲ್ಲದ ಕಡೆ, ಮನೆಯಲ್ಲಂತೂ, ಇದನ್ನು ಕೊಡಿಸಬಾರದು. ಕಾಮಾಲೆಯಿರುವ ನವಜಾತ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ನಿಷಿದ್ಧ. ಕ್ಯಾಲ್ಸಿಯಂ ಇರುವ ದ್ರವ ಪಡೆಯುತ್ತಿರುವ ನವಜಾತ ಶಿಶುವಿಗೂ ಹಾಗೆಯೇ. ಕೆಲವು ಮಕ್ಕಳ ಪಿತ್ತಕೋಶದಲ್ಲಿ ಔಷಧದ ಗಸಿ ಕಟ್ಟುವುದುಂಟು. ನಿಲ್ಲಿಸಿದ ಮೇಲೆ ಅದು ಸಾಮಾನ್ಯವಾಗಿ ಕರಗುತ್ತದೆ. ಸೂಜಿ ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡರೆ ನರ್ಸಿಗೆ ತಕ್ಷಣ ತೋರಿಸಿ. ಮಗು ಚೇತರಿಸಿಕೊಂಡು ಉಣ್ಣತೊಡಗಿದರೆ, 'ಇನ್ನು ಬಾಯಿಯಿಂದ ಕೊಡಬಹುದೇ?' ಎಂದು ಕೇಳಲು ಸಂಕೋಚ ಬೇಡ. ಬಾಟಲಿ ಬಿಟ್ಟರೂ ವೈದ್ಯರು ಹೇಳಿದಷ್ಟು ದಿನ ಔಷಧ ಪೂರೈಸಬೇಕು.

ಬೇಗಂ ಬಜಾರಿನವರಿಗೆ ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆ ಹತ್ತಿರವಾದರೂ, ಮಕ್ಕಳಿಗಾಗಿಯೇ ಇರುವ ಸರ್ಕಾರಿ ಆಸ್ಪತ್ರೆ ರೆಡ್ ಹಿಲ್ಸ್ ಕಡೆಯ ನಿಲೋಫರ್. ಸಾಂಕ್ರಾಮಿಕ ಜ್ವರಗಳಿಗೆ ನಲ್ಲಕುಂಟದ ಫೀವರ್ ಆಸ್ಪತ್ರೆಯಿದೆ.